ತಂತಿಗೆ ಚುಚ್ಚಿದ ಚುನಾವಣೆಗಳು

ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ ಏಕಾಂತಪ್ಪನೋರ ಪ್ರೆಸ್ಸು.
ಗೋಡೆಗೊಂದು ತಂತಿ, ತಂತಿಗೆ ಚುಚ್ಚಿದ ಕರಪತ್ರ,
ಅಚ್ಚಾದದ್ದರದೆಲ್ಲ ಒಂದೊಂದು, ಬಾಕಿ ವಸೂಲಿಗೆ ಸಾಕ್ಷಿ.
ತಳದಲ್ಲಿ ಹಳೆಯ ಚುನಾವಣೆ, ಮೇಲೆ ಹೊಸದು,
ನಡುನಡುವೆ ಮದುವೆ, ತಿಥಿ, ಲಾಡ್ಜಿನ ರಸೀದಿ.

ನಾನು ಮೊಳೆ ಜೋಡಿಸುವವಳು,
ಊರನ್ನು ತಿರುಗುಮುರುಗಾಗಿ ಓದಿದವಳು.
ಚುನಾವಣೆ ಬಂತೆಂದರೆ ಮೊದಲು ಖಾಲಿಯಾಗುತ್ತಿದ್ದುದು
ಲಕಾರದ ಒತ್ತು.
ಎಲ್ಲರಿಗೂ ಬೇಕು ‘ಗೆಲ್ಲಿಸಿ’. ಎಲ್ಲರೂ ‘ನಿಮ್ಮಲ್ಲೊಬ್ಬ’.
ಒಬ್ಬನ ಫಾರ್ಮು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು
ಅದೇ ಒತ್ತನ್ನು ಎದುರಾಳಿಯ ಸಾಲಿನಲ್ಲಿ ಕೂರಿಸುತ್ತಿದ್ದೆ.
ಸೀಸಕ್ಕೆ ಪಕ್ಷವಿಲ್ಲ. ಮಸಿ ನನ್ನ ಹತ್ತೂ ಬೆರಳಿಗೆ.

ಒಂದು ಸಾಲು ಮಾತ್ರ ಬಿಚ್ಚುತ್ತಿರಲಿಲ್ಲ:
‘ದಾವಣಗೆರೆ ಕ್ಷೇತ್ರದ ಮತದಾರ ಬಾಂಧವರೇ’.
ಹುರಿದಾರದಲ್ಲಿ ಬಿಗಿದು ಕಿಟಕಿಯಲ್ಲಿಟ್ಟಿದ್ದೆವು,
ಯಾರು ಬಂದರೂ ಎತ್ತಿಕೊಡಲು, ನೀರಿನ ಲೋಟದ ಹಾಗೆ.

ಗೆದ್ದವರ ಲೆಕ್ಕ ಖಾತೆಪುಸ್ತಕದಲ್ಲೇ ಉಳಿಯಿತು.
ಮಿಕ್ಕ ಕರಪತ್ರ ತೂಕಕ್ಕೆ ಒಯ್ದ ಬುಡನ್ ಸಾಬರು
ಪೊಟ್ಟಣ ಕಟ್ಟಿದರು. ಫಲಿತಾಂಶದ ಸಂಜೆ
ಗೆದ್ದವನ ಮೂಗಿಗೆ ಮೆಣಸಿನಕಾಯಿ ಬಜ್ಜಿಯ ಎಣ್ಣೆ,
ಸೋತವನ ಭರವಸೆಯೊಳಗೆ ಖಾರ ಮಂಡಕ್ಕಿ.
ಊರು ಇಬ್ಬರನ್ನೂ ತಿಂದು ಕೈ ಒರೆಸಿಕೊಂಡಿತು.

ನಗದು ಕೊಟ್ಟವನು ಒಬ್ಬನೇ. ಹನುಮೋಜಿ ರಾವ್,
ಮಿಲ್ಲಿನ ನೂಲು ಖಾತೆಯ ಜಾಬರ್, ಕಿವಿಯಲ್ಲಿ ಸದಾ ಹತ್ತಿ.
ಐದು ಸಲ ನಿಂತ, ಐದು ಗುರುತು:
ಲಾಟೀನು, ತಕ್ಕಡಿ, ಗಾಳಿಪಟ, ಏಣಿ, ಕೊನೆಗೆ ಹೊಲಿಗೆ ಯಂತ್ರ.
ಐದು ಸಲವೂ ಠೇವಣಿ ಹೋಯಿತು.
ಎಣಿಕೆಯ ಮರುದಿನ ಬೆಳಿಗ್ಗೆ ಬಂದು ನಿಲ್ಲುತ್ತಿದ್ದ.
‘ಕೃತಜ್ಞತೆ ಅಂತ ಹಾಕವ್ವ. ನಾನೂರ ಹನ್ನೆರಡು.’
ಬಂದ ಮತ ಎಷ್ಟೋ ಅಷ್ಟು ಪ್ರತಿ. ಒಂದೂ ಹೆಚ್ಚಿಲ್ಲ.
‘ಯಾರು ಹಾಕ್ಯಾರಂತ ಹೆಂಗೆ ಗೊತ್ತಾಗ್ತೈತಿ?’ ಅಂದರೆ
‘ಕೈ ಚಾಚಿದೋರಿಗೆ ಕೊಡ್ತೀನಿ.
ಉಳಿದ್ರೆ, ಅವರು ನಾಚ್ಕಂಡಾರ ಅಂತ ತಿಳ್ಕಂತೀನಿ.’

ಎರಡನೆಯ ಸಲ ಮುನ್ನೂರ ಎಂಬತ್ತು.
ಮಿಲ್ಲಿನ ಸೈರನ್ನು ನಿಂತ ವರ್ಷ ಎರಡು ಸಾವಿರದ ನೂರಾ ಆರು,
ಆ ರಾತ್ರಿಯಿಡೀ ಟ್ರೆಡಲ್ ತುಳಿದು
‘ಜ್ಞ’ ಮೊಳೆ ಸವೆದು ಮುಖ ಕಳೆದುಕೊಂಡಿತು.
ಆಮೇಲೆ ಗೆಳೆಯರು ವಾಚ್‌ಮನ್ನರಾದರು, ಆಟೋ ಹಿಡಿದರು,
ಕೆಲವರು ಏನೂ ಆಗಲಿಲ್ಲ.
ಇನ್ನೂರ ಏಳು.
ಐದನೆಯ ಸಲ ತೊಂಬತ್ತಮೂರು.

ಆಮೇಲೆ ಗೆಜೆಟ್ಟಿನಲ್ಲಿ ಊರ ಮೇಲೊಂದು ಗೆರೆ ಬಂತು:
ಉತ್ತರ, ದಕ್ಷಿಣ.
ಪ್ರೆಸ್ಸಿನ ಮುಂಬಾಗಿಲು ಒಂದಕ್ಕೆ, ಹಿತ್ತಿಲ ನಲ್ಲಿ ಇನ್ನೊಂದಕ್ಕೆ
ಅಂತ ಏಕಾಂತಪ್ಪನೋರು ತಮಾಷೆ ಮಾಡಿದರು.
ಕಟ್ಟಿಟ್ಟ ಸಾಲಿನಲ್ಲಿ ಒಂದು ಪದ ಸೇರಿಸಬೇಕಿತ್ತು. ಜಾಗವಿರಲಿಲ್ಲ.
ಜಾಗ ಮಾಡುವಷ್ಟರಲ್ಲಿ ಫ್ಲೆಕ್ಸ್ ಬಂತು,
ಬಾಂಧವರೆಲ್ಲ ಕಿಲೋ ಲೆಕ್ಕದಲ್ಲಿ ಬ್ಯಾಟರಿಯವನ ಪಾಲಾದರು.

ಹನುಮೋಜಿ ಇನ್ನೊಮ್ಮೆ ಬಂದಿದ್ದ,
ಮೊಮ್ಮಗಳ ತೊಟ್ಟಿಲು ಕಾರ್ಡಿಗೆ.
‘ಎರಡಾದ್ವು ನೋಡವ್ವ.
ಈಗ ಯಾವ ಕಡೆ ಸೋಲ್ಲಿ?’

ತಂತಿಯನ್ನು ನಾನು ಮನೆಗೆ ತಂದೆ.
ಮೇಲಿನಿಂದ ಏಳನೆಯದೋ ಎಂಟನೆಯದೋ:
‘ತೊಂಬತ್ತಮೂರು ಮಂದಿಗೆ’ ಅಂತಿದೆ. ಅದು ಕರಡು,
ಎಣಿಸಿ ಕಟ್ಟಿದ ಕಟ್ಟಿನ ಹೊರಗಿನದು, ತೊಂಬತ್ತನಾಲ್ಕನೆಯದು.
ಆ ಸಲ ಮತಗಟ್ಟೆಯ ರಟ್ಟಿನ ಮರೆಯಲ್ಲಿ
ಹೊಲಿಗೆ ಯಂತ್ರದ ತನಕ ಹೋಗಿದ್ದ ಬೆರಳು
ಇವನು ಗೆಲ್ಲುವವನಲ್ಲ ಅನ್ನಿಸಿ
ಎರಡು ಗುಂಡಿ ಕೆಳಗಿಳಿದಿತ್ತು.
ಕರಡು ಓದಿ, ಒಂದು ದೀರ್ಘ ತಿದ್ದಿ, ನನ್ನ ಕೈಗೇ ಕೊಟ್ಟು
‘ಇದು ನಿನಗಿರಲಿ’ ಅಂದಿದ್ದ.

ಕಾಗದ ಹಳದಿಯಾಗಿದೆ.
‘ಜ್ಞ’ ಇರಬೇಕಾದಲ್ಲಿ ಈಗಲೂ
ಒಂದು ಕಪ್ಪು ಮಚ್ಚೆ.