ಸೊನ್ನೆಯ ದಿನಗಳು

ಕಾರವಾರ, ಡಿ.ಎಡ್. ಕಾಲೇಜಿನ ಹಿಂದಿನ ಕೋಣೆ,
ಮಧ್ಯಾಹ್ನ ಮೂರು. ಫ್ಯಾನು ಒಂದೇ, ನಾವು ಇಪ್ಪತ್ತಾರು.
ಕಲ್ಗುಟ್ಕರ್ ಮೇಡಂ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ:
ಒಂದು ದೋಣಿ, ಐದು ದಿನ,
ಸರಾಸರಿ ದಿನಕ್ಕೆ ಹನ್ನೆರಡು ಬುಟ್ಟಿ ಬಂಗಡೆ.
ಆ ಐದು ದಿನಗಳು ಹೇಗಿದ್ದಿರಬಹುದು?

ಇದೆಂಥ ಲೆಕ್ಕ!
ಕೂಡಿಸು, ಎಣಿಸು, ಭಾಗಿಸು, ಉತ್ತರದ ಕೆಳಗೆ ಎರಡು ಗೆರೆ:
ಏಳನೇ ಇಯತ್ತೆಯಿಂದ ನಮಗೆ ಗೊತ್ತಿದ್ದದ್ದು ಅಷ್ಟು.
ಉತ್ತರವನ್ನು ಕೈಗಿತ್ತು ದಿನಗಳನ್ನು ವಾಪಸು ಕೇಳಿದವರಿಲ್ಲ.

ನಾನು ಬರೆದೆ: ಹನ್ನೆರಡು, ಹನ್ನೆರಡು, ಹನ್ನೆರಡು,
ಹನ್ನೆರಡು, ಹನ್ನೆರಡು.
ಸಿದ್ದಾಪುರದ ರೋಹಿಣಿ ಧೈರ್ಯ ಮಾಡಿ
ಒಂದನ್ನು ಹನ್ನೊಂದು, ಇನ್ನೊಂದನ್ನು ಹದಿಮೂರು ಮಾಡಿದಳು.
ಜೋಯಿಡಾದ ವಿಠೋಬ ಅವಳದ್ದನ್ನೇ ನೋಡಿಕೊಂಡ.

ಮಾಜಾಳಿಯ ಭಾಗೀರಥಿ ಹರಿಕಂತ್ರ
ಹಾಳೆಗೆ ಅಂಗೈ ಮುಚ್ಚಿ ಕೂತಿದ್ದಳು.
ಮೇಡಂ ಎತ್ತಿ ಓದಿದರು:
ಸೊನ್ನೆ. ಸೊನ್ನೆ. ಮೂರು. ಸೊನ್ನೆ. ಐವತ್ತೇಳು.

ನಕ್ಕೆವು. ನಾನೇ ಎದ್ದು ನಿಂತು ಹೇಳಿದೆ,
ಸೊನ್ನೆ ಅಂದರೆ ಏನೂ ಇಲ್ಲವಲ್ಲ ಮೇಡಂ,
ಬಿಟ್ಟುಬಿಡಬೇಕು. ಎರಡರಿಂದ ಭಾಗಿಸಿದರೆ ಮೂವತ್ತು.
ಇವಳದ್ದು ತಪ್ಪು.

ಭಾಗೀರಥಿ ನನ್ನತ್ತ ತಿರುಗಲಿಲ್ಲ, ಬೋರ್ಡಿಗೇ ಹೇಳಿದಳು:
ಸೊನ್ನೆಯ ದಿನವೂ ಅಪ್ಪ ಬೆಳಗಿನ ನಾಲ್ಕಕ್ಕೇ ಎದ್ದಿದ್ದ.
ಸೀಮೆಎಣ್ಣೆ ಉರಿದಿತ್ತು, ಐಸು ಕರಗಿತ್ತು,
ಮನೆಯಲ್ಲಿ ಐದು ಬಾಯಿ ಉಂಡಿದ್ದವು.
ಆ ದಿನವನ್ನು ಬಿಟ್ಟರೆ ಯಾರ ಲೆಕ್ಕಕ್ಕೆ ಹಚ್ಚುತ್ತೀರಿ?

ಮತ್ತೆ ಮೇಡಂ ಒಂದು ಡಬ್ಬಿ ತುಂಬ ಚಿಪ್ಪಿ ಸುರಿದರು,
ಅರವತ್ತು. ಐದು ಗುಂಪು ಮಾಡಿ
ಐವತ್ತೇಳರ ಗುಡ್ಡೆಯಿಂದ ತೆಗೆತೆಗೆದು
ಖಾಲಿ ಜಾಗಗಳಿಗೆ ಹಾಕುತ್ತ ಹೋದೆವು,
ಎಲ್ಲವೂ ಮಟ್ಟಸ ಆಗುವ ತನಕ.
ಅಮ್ಮ ಮಾಡುವುದೂ ಇದೇ, ಅಂದಳು ಭಾಗೀರಥಿ,
ಕಿರಾಣಿ ಅಂಗಡಿಯ ಉದ್ರಿ ಚೀಟಿಯಲ್ಲಿ.

ಮಧ್ಯಾಂಕವನ್ನೂ ತೆಗೆಯಿರಿ ಎಂದರು ಮೇಡಂ.
ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದೆ,
ಮೂರನೆಯದರ ಮೇಲೆ ಬೆರಳಿಟ್ಟೆ.
ಬೆರಳ ಕೆಳಗೆ ಸೊನ್ನೆ.
ಆ ಉತ್ತರಕ್ಕೆ ಎರಡು ಗೆರೆ ಎಳೆಯಲು ಕೈ ಬರಲಿಲ್ಲ.

ಪರೀಕ್ಷೆ ಜೂನಿನಲ್ಲಿ ಬಂತು. ಐದು ಸಂಖ್ಯೆ ಕೊಟ್ಟಿದ್ದರು,
ಸೊನ್ನೆ ಒಂದೂ ಇರಲಿಲ್ಲ.
ಸಲೀಸಾಗಿ ಬರೆದು ಬೇಗ ಹೊರಬಿದ್ದೆವು.
ಬೈತಖೋಲದಲ್ಲಿ ಬೋಟುಗಳು ಒತ್ತೊತ್ತಾಗಿ ಕಟ್ಟಿದ್ದವು,
ಮೇಲೆ ನೀಲಿ ತಾಡಪಾಲು, ಅದರ ಮೇಲೆ ಮಳೆ.
ಎಷ್ಟು ದಿನ ಹೀಗೆ, ಕೇಳಿದೆ.
ಅರವತ್ತೊಂದು, ಅಂದಳು ಭಾಗೀರಥಿ,
ಎಣಿಸದೆಯೇ.