ಹದ್ದುಬಸ್ತು

ದುರ್ಬೀನಿಗೆ ಬೇಕಾದದ್ದು ಒಂದೇ ಕಣ್ಣು.
ಹದಿನಾಲ್ಕು ವರ್ಷ ಎಡಗಣ್ಣು ಮುಚ್ಚಿ
ಖಾನಾಪುರ ತಾಲೂಕಿನ ಗದ್ದೆ, ಗಾಯರಾಣ, ಕುಮರಿ
ಅಳೆದವಳು ನಾನು.
ಅದಕ್ಕೇ ತಡವಾಗಿ ತಿಳಿಯಿತು.

ಜಾಂಬೋಟಿಯಾಚೆ ಗುರವರ ಹೊಲದ ಪೋಡಿ.
ಮುಕ್ಕಾಲಿಯಿಂದ ತಲೆ ಎತ್ತಿದೆ:
ಬಾಂದುಕಲ್ಲು ಎರಡು.
ಅಕ್ಕಪಕ್ಕ. ಒಂದೇ ಎತ್ತರ, ಒಂದೇ ಸುಣ್ಣ,
ಎರಡರ ನೆತ್ತಿಗೂ ಒಂದೊಂದು ಓತಿ
ಒಂದೇ ಸಲ ಕತ್ತು ಕುಣಿಸಿತು.
ಬಗ್ಗಿ ದುರ್ಬೀನಿನಲ್ಲಿ ನೋಡಿದರೆ ಒಂದು.
ಎದ್ದರೆ ಎರಡು.
ಅಣ್ಣ ಕಲ್ಲಾಪನದೊಂದು ಕಲ್ಲು, ತಮ್ಮ ವಿಠೋಬನದೊಂದು,
ಹನ್ನೊಂದು ವರ್ಷದ ಅವರ ಜಗಳವನ್ನು
ನನ್ನ ಕಣ್ಣು ಒಂದೇ ಗಳಿಗೆಯಲ್ಲಿ ಇಬ್ಬರಿಗೂ ಗೆಲ್ಲಿಸಿಬಿಟ್ಟಿತ್ತು.
ಸರಪಳಿ ಹಿಡಿಯುವ ಲಗಮಣ್ಣ ಅಂದ:
‘ಪಿತ್ತ ಆಗಿರಬೇಕ್ರಿ ಮೇಡಮ್ಮಾರ, ಚಾ ಕುಡೀರಿ.’

ಬೆಳಗಾವಿಯಲ್ಲಿ ಡಾಕ್ಟರ್ ಶೇಡಬಾಳ
ಮುಖದೆದುರು ಪೆನ್ನು ಆಡಿಸಿದರು.
ಎಡಗಣ್ಣು ಹೋದಲ್ಲೆಲ್ಲ ಹೋಯಿತು.
ಬಲದ್ದು ಮೂಗಿನ ಕಡೆಯಿಂದ ನಡುವಿನ ತನಕ ಬಂದು
ಅಲ್ಲಿಂದ ಹೊರಗೆ ಒಲ್ಲೆನೆಂದು ನಿಂತಿತು,
ಹೊಸ ಊರ ಗಡಿಯಲ್ಲಿ ನಿಲ್ಲುವ ಎತ್ತಿನ ಹಾಗೆ.
‘ಆರನೇ ನರ. ತೆಳ್ಳಗಿನದು,
ಮೆದುಳಿನ ಬುಡದಿಂದ ಎಲುಬಿನ ದಿನ್ನೆ ಹತ್ತಿ
ಬಹಳ ದೂರ ನಡೀತದ. ದಾರೀಲಿ ಏನು ಊದಿಕೊಂಡರೂ
ಮೊದಲು ಇದಕ್ಕೇ ಪೆಟ್ಟು.’
ಸರಪಳಿಯ ತುದಿ ಹಿಡಿದು ಮುಳ್ಳುಕಂಟಿಯೊಳಗೆ ನಡೆಯುವವನು
ಆ ಹೊತ್ತು ನೆನಪಾದ.

‘ಉಣ್ಣಿ ಏನಾರ ಕಡದಿತ್ತೇನು?’

ಕಣಕುಂಬಿಯ ಇಳಿಜಾರು, ತೊಯ್ದ ಹುಲ್ಲು,
ಮೊಣಕಾಲ ಹಿಂದಿನ ಮಡಿಕೆಯಲ್ಲಿ ಒಂದು ಎಳ್ಳು.
ಕಿತ್ತರೆ ಕಾಲು ಆಡಿಸಿತು. ಉಗುರಲ್ಲಿ ಒರೆಸಿ ಮರೆತೆ.
ವಾರದ ಮೇಲೆ ಅಲ್ಲಿ ಕೆಂಪು ಉಂಗುರ ಎದ್ದಿತ್ತು,
ಗೊಂದಲವಿರುವ ಬಿಂದುವಿಗೆ ಟಿಪ್ಪಣಿಯಲ್ಲಿ
ನಾನೇ ಎಳೆಯುವ ಕೆಂಪು ಶಾಯಿಯ ಸುತ್ತು.
ನೋವಿರಲಿಲ್ಲ. ಅರಿಶಿಣ ಹಚ್ಚಿದೆ.

‘ಈ ಕಡೆ ಅಪರೂಪ. ಲೈಮ್ ಅಂತಾರ.
ಖಾತ್ರಿ ಮಾಡಿ ಹೇಳೂದು ಕಷ್ಟ.’
‘ಲೈಮ್ ಅಂದರ ಲಿಂಬಿಹಣ್ಣಲ್ಲೇನ್ರಿ?’ ಬಾಗಿಲಿಂದ ಲಗಮಣ್ಣ.
ಬೆನ್ನಿಗೆ ಸೂಜಿ ಇಳಿಸಿ ನೀರು ತೆಗೆದರು.
ನೀರು ಪುಣೆಗೆ ಹೋಯಿತು, ನನ್ನ ಹೆಸರಿನ ಚೀಟಿ ಅಂಟಿಸಿಕೊಂಡು.

ಇಪ್ಪತ್ತೊಂದು ದಿನ ಬಾಟಲಿಯ ಹನಿ.
ಅಂಗೈ ಹತ್ತಿರ ತಂದರೆ ಗೆರೆ ಒಂದೊಂದೇ,
ದೂರದ ಗೋಡೆ ಗಡಿಯಾರ ಮಾತ್ರ ಎರಡು.
ಕೈ ನೀಡಿ ಅವುಗಳ ನಡುವಿನ ಅಂತರ ಅಳೆದೆ, ಚಾಳಿ:
ಮೂರನೇ ದಿನ ನಾಲ್ಕು ಬೆರಳು.
ಒಂಬತ್ತನೇ ದಿನವೂ ನಾಲ್ಕೇ.
ಅಂದು ರಾತ್ರಿ ಪಟ್ಟಿ ಕಟ್ಟಿದ ಕಣ್ಣೊಳಗೇ ಅತ್ತೆ.

ಗುರವರು ಬಂದರು, ಒಂದೇ ಬಸ್ಸಿಗೆ,
ಬೇರೆ ಬೇರೆ ಬಾಳೆಹಣ್ಣಿನ ಚೀಲ.
ಪಟ್ಟಿ ಸರಿಸಿದೆ. ವಾರ್ಡಿನ ಬಾಗಿಲಲ್ಲಿ ಮೂವರು:
ಅಣ್ಣನ ನೆರಳು ತಮ್ಮನ ಮೈಮೇಲೆ ಬಿದ್ದು
ನಡುವಿನವನಿಗೆ ಇಬ್ಬರ ಮುಖವೂ ಇತ್ತು.
ಹಾಸಿಗೆಗೆ ಹತ್ತಿರವಾದಂತೆ ಅವನು ಕರಗಿ
ಮತ್ತೆ ಇಬ್ಬರೇ ಉಳಿದರು.
‘ಅಳತೆ ಯಾವಾಗ್ರಿ?’

ಹದಿನಾರಕ್ಕೆ ಮೂರು ಬೆರಳು. ಮನೆಗೆ ಬಂದ ಮೇಲೆ ಒಂದೂವರೆ.
ಆಮೇಲೆ ಒಂದು ಬೆಳಿಗ್ಗೆ, ಹಾಲಿನವನ ಸೈಕಲ್ಲಿಗೆ
ಎರಡೇ ಗಾಲಿ.

ಪುಣೆಯ ಕಾಗದ ಬಂತು: ‘ಇರಬಹುದು.’
ಮಾಘದಲ್ಲಿ ಹದ್ದುಬಸ್ತು ಮುಗಿಸಿದೆ,
ಎರಡೂ ಕಣ್ಣು ತೆರೆದು ನೋಡಿ, ಆಮೇಲೆ ದುರ್ಬೀನಿಗೆ ಬಗ್ಗಿ.
ಕಲ್ಲು ಒಂದು.
ತೀರಾ ಬಲಕ್ಕೆ ಹೊರಳಿದರೆ ಈಗಲೂ
ಮತ್ತಿಮರದ ಅಂಚಿಗೆ ಕೂದಲೆಳೆಯಷ್ಟು ಇನ್ನೊಂದು ಅಂಚು.
ಅಷ್ಟು ಒತ್ತುವರಿಯನ್ನು ಬರೆದುಕೊಳ್ಳಲಿಲ್ಲ.

ಲಗಮಣ್ಣ ಚಹಕ್ಕೆ ಕೂರುವ ಮುಂಚೆ
ಧೋತರ ಎತ್ತಿ ಮೊಣಕಾಲ ಹಿಂದೆ ತಡವಿಕೊಳ್ಳುತ್ತಾನೆ.
ನಾನೂ.