ಕೊಸರು

ಗಂಜಿನ ಅಡತಿ ಅಂಗಡಿಯಲ್ಲಿ
ಲಾಡ್ಲೇಸಾಬ ಸೇರು ತುಂಬಿ, ಅಂಗೈಯಿಂದ ತಲೆ ಸವರಿ,
ಎತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದ.
ಸೇರು ಅದೇ. ತೊಗರಿ ಬೇರೆ ಬೇರೆ.
"ಹಗುರ ಅದ. ಒಳಗ ಹುಳ ಉಂಡಾವ."
"ಇದು ಹಸಿ. ನಾಕು ದಿನ ಬಿಸಿಲು ಕಾಣ್ಲಿ."
ತರಾಜು ಆಮೇಲೆ ಅದನ್ನೇ ಹೇಳುತ್ತಿತ್ತು.

ಲೆಕ್ಕ ಬರೆಯುವ ಅಪ್ಪನ ಬಗಲಿಗೆ ಕೂತು
ನಾನು ಕಲಿತದ್ದು ಇಷ್ಟೇ:
ಎಷ್ಟು ಜಾಗ ಹಿಡಿದದ, ಎಷ್ಟು ತೂಗತದ,
ಎರಡೂ ಗೊತ್ತಾದರೆ ಚೀಲ ಬಿಚ್ಚಬೇಕಿಲ್ಲ.

ಈಗ ಸೇಡಂ ರಸ್ತೆಯ ಬಾಡಿಗೆ ಕೋಣೆ.
ರಾತ್ರಿ ಹನ್ನೊಂದಾದರೂ ಆರದ ಶಹಾಬಾದ ಕಲ್ಲಿನ ನೆಲ,
ನೀರು ತೀರಿದ ಕೂಲರು.
ಪರದೆಯ ಮೇಲೆ ಒಂದು ಕೆಂಪು ನಕ್ಷತ್ರದ ಬೆಳಕು,
ಚುಕ್ಕಿ ಚುಕ್ಕಿಯಾಗಿ, ಒಂದೇ ಸಾಲು.
ಸಾಲು ಒಂದೆಡೆ ತಗ್ಗಿತು.
ಸಾವಿರಕ್ಕೆ ಒಂದೂವರೆಯೂ ಇಲ್ಲ.
ಹದಿನಾಲ್ಕು ತಾಸು ಬಿಟ್ಟು ಮತ್ತೆ.
ಗಂಜಿನವರಂತೆ ಎಣಿಸಿದೆ, ಒಂದು ಎನ್ನದೆ:
ಲಾಭ, ಎರಡು, ಮೂರು,
ನೂರಾ ಹನ್ನೊಂದರ ತನಕ.
ಅಲ್ಲಿ ವರ್ಷವೆಂದರೆ ಅಷ್ಟೇ.
ಶುಕ್ರವಾರದ ನಮಾಜಿಗೆ ಹುಟ್ಟಿದ ಕೂಸಿಗೆ
ಶನಿವಾರ ನಸುಕಿಗೆ ವರ್ಷ ತುಂಬುತ್ತದೆ.

ತಗ್ಗಿನಿಂದ ಸಿಕ್ಕದ್ದು ಗಾತ್ರ: ಭೂಮಿಗಿಂತ ತುಸು ದೊಡ್ಡದು.
ತೂಗಿದವರು ಬೇರೆಯವರು, ದೂರದ ಬೆಟ್ಟದ ಮೇಲೆ, ಚಳಿಯಲ್ಲಿ:
ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುತ್ತದೆ,
ಸೈಕಲ್ಲಿನ ವೇಗದಲ್ಲಿ ಈಚೆ, ಅದೇ ವೇಗದಲ್ಲಿ ಆಚೆ.
ನಾಲ್ಕು ಭೂಮಿಗಳ ಭಾರ.
ಭಾಗಿಸಿದೆ. ನೀರಿಗಿಂತ ಹನ್ನೆರಡು ಪಟ್ಟು.
ಕೈಯಲ್ಲಿನ ಕಬ್ಬಿಣ ಎಂಟಕ್ಕೇ ನಿಲ್ಲುತ್ತದೆ.

ಗಂಜಿನಲ್ಲಿ ಈಗ ಎಲೆಕ್ಟ್ರಾನಿಕ್ ಕಾಟಾ.
ಲಾಡ್ಲೇಸಾಬ ಮಗಳ ಬಳೆ ಅಂಗಡಿಯಲ್ಲಿ ಕೂರುತ್ತಾನೆ.
ಹೋಗಿ ಹೇಳಿದೆ, ಇಷ್ಟು ಸೇರು, ಇಷ್ಟು ತೂಕ.
ಅವನು ಮೆಚ್ಚಲಿಲ್ಲ.
"ಹಗುರ ಇದ್ರ ಹುಳ, ಬೇಟಿ.
ಇಷ್ಟು ವಜನ ಅಂದ್ರ ಬೆರಕಿ. ಯಾರೋ ಏನೋ ಕಲಸ್ಯಾರ.
ಮಾಲು ಸುರುವಿ ನೋಡು."

ಸುರುವಿ ನೋಡಿದೆ, ಮೂರು ವಾರ.
ಖರೇ, ಬೆರಕೆ ಇತ್ತು.
ನಕ್ಷತ್ರದ ಬೆನ್ನಿಗೇ ಇನ್ನೊಂದು ಮಬ್ಬು ನಕ್ಷತ್ರ
ತನ್ನ ಬೆಳಕನ್ನು ಈ ಬೆಳಕಿಗೆ ಸೇರಿಸಿ
ತಗ್ಗನ್ನು ಅಷ್ಟಿಷ್ಟು ತುಂಬಿಬಿಟ್ಟಿತ್ತು.
ನಾನು ಹಿಡಿದ ಸೇರೇ ಸಣ್ಣದಾಗಿತ್ತು.
ಸೋಸಿದೆ. ಗ್ರಹ ಒಂದಿಷ್ಟು ಹಿಗ್ಗಿತು,
ಹನ್ನೆರಡು ಹತ್ತಕ್ಕಿಳಿಯಿತು.
ಆದರೂ ಭಾರವೇ.
ಯಾವ ಕಾಲದಲ್ಲೋ ಏನೋ ಬಂದು ಬಡಿದು
ಮೇಲಿನ ಕಲ್ಲೆಲ್ಲ ಸಿಡಿದು ಹೋಗಿ,
ಮಿಲ್ಲಿನಲ್ಲಿ ಸಿಪ್ಪೆ ಬಿಟ್ಟ ಬೇಳೆಯಂತೆ
ಒಳಗಿನ ಕಬ್ಬಿಣವಷ್ಟೇ ಉಳಿದಿರಬಹುದು.
ಇರಬಹುದು.

ಹಾಳೆ ಒಯ್ದು ತೋರಿಸಿದೆ. ಹತ್ತು ಎಂದು ಬರೆದು
ಪಕ್ಕದಲ್ಲಿ ಕೂಡುವ ಗುರುತು, ಅದರಡಿ ಕಳೆಯುವ ಗುರುತು,
ಆಮೇಲೆ ಒಂದು.
"ಇದೇನು?"
"ಕೊಸರು, ಚಾಚಾ."
ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದ.
"ಕೊಸರು ಮ್ಯಾಲ ಹಾಕೂದು. ನೀ ಕೆಳಗೂ ಬಿಟ್ಟೀದಿ?"
"ಬಿಡಬೇಕು."
ಬಳೆಗಳ ನಡುವೆ ಕೂತು ಬಹಳ ಹೊತ್ತು ನಕ್ಕ.
"ಹಿಂಗ ತೂಗಿದ್ರ ಸೇಠ್ ನನ್ನ ಅವತ್ತೇ ಬಿಡಿಸ್ತಿದ್ದ."